ಎಳ್ಳು, ಮಂಜು, ಅವರೆ ಮತ್ತು 3 ಕಿಲೋಮೀಟರ್ ಓಟ

ಈ ಸಲ ಸಂಕ್ರಾಂತಿ ಗುರುವಾರ ಬಂದಿತ್ತು. ಶುಕ್ರವಾರ ಒಂದು ರಜೆ ಹಾಕಿಕೊಂಡರೆ ಸಾಲಾಗಿ ನಾಲ್ಕು ದಿನ ಸಿಗುತ್ತಿದ್ದವು. ನಾಲ್ಕನೆಯ ದಿನವಾದ ಭಾನುವಾರ ಬೆಳಗ್ಗೆ ಕಬ್ಬನ್ ಉದ್ಯಾನದಲ್ಲಿ ಮಕ್ಕಳು ಮನೆಯವರೊಡನೆ ಓಡುವ 3 ಕಿಲೋಮೀಟರ್ ಫನ್ ರನ್‌ಗೆ ನಾವು ಐವರೂ ಮೊದಲೇ ಹೆಸರು ಕೊಟ್ಟಿದ್ದೆವು. ಐವರೆಂದರೆ ನಾನು, ನನ್ನ ಪತಿ, 66 ವರ್ಷದ ಅತ್ತೆ, 7 ವರ್ಷದ ಮಗಳು ಪುಟ್ಟಿ ಮತ್ತು 4 ವರ್ಷದ ಮಗ ಗುಂಡ. ನಾಲ್ಕು ದಿನಕ್ಕೆ ಊರಿಗೋ ಸಮುದ್ರತೀರಕ್ಕೋ ಹೋಗಿಬರಬಹುದಿತ್ತು. ಆದರೆ ಜನವರಿಯ ಈ ಮೂರು ನಾಲ್ಕು ವಾರಗಳಲ್ಲಿ ಬೆಂಗಳೂರಿಗೆ ಒಟ್ಟೊಟ್ಟಿಗೆ ಬರುವ ಎಳ್ಳು, ಎಲಚಿ, ಇಬ್ಬನಿ, ಸೊಗಡಿನ ಅವರೆ ಎಲ್ಲವೂ ಶಿವರಾತ್ರಿಯ ಹೊತ್ತಿಗೆ ಹೊರಟುಹೋಗುತ್ತವೆ. ಮಕ್ಕಳು ಚಿಕ್ಕವರಿರುವಾಗಲೇ ಈ ಕಾಲ ಅವರ ಕೈಗೂ ಬಾಯಿಗೂ ಸಿಗಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು. ಆದ್ದರಿಂದ ಮಲಗುವುದು ಬಸವನಗುಡಿಯ ನಮ್ಮ ಮನೆಯಲ್ಲೇ, ಹಗಲೆಲ್ಲ ಹೊರಗೆ ಎಂದು ನಿಶ್ಚಯಿಸಿಕೊಂಡೆವು.

ಮಗಳ ಕಣ್ಣಿಗೆ ಮಾತ್ರ ಈ ನಾಲ್ಕು ದಿನಗಳಲ್ಲಿ ಭಾನುವಾರವೊಂದೇ ಕಾಣುತ್ತಿತ್ತು. ಕಳೆದ ವರ್ಷ ಇಂಥದೇ ಒಂದು ಓಟದಲ್ಲಿ ಅವಳು ಅರ್ಧ ದಾರಿಗೆ ಅಳುತ್ತ ಕುಳಿತು, ಅಪ್ಪನ ಹೆಗಲೇರಿ ಕೊನೆಯ ಗೆರೆ ದಾಟಿದ್ದಳು. ಕೊರಳಿಗೆ ಪದಕ ಹಾಕಲು ಬಂದ ಹುಡುಗಿಯ ಮುಂದೆ ಎರಡೂ ಕೈಯಿಂದ ಕೊರಳು ಮುಚ್ಚಿಕೊಂಡು, ‘ನಾನು ಓಡಿಲ್ಲ’ ಎಂದಿದ್ದಳು. ಆ ಪದಕವನ್ನು ನಾವು ಕೈಯಲ್ಲಿ ಹಿಡಿದು ಮನೆಗೆ ತಂದೆವು. ವರ್ಷವಿಡೀ ಅದು ಪುಸ್ತಕದ ಕಪಾಟಿನ ಮೊಳೆಗೆ ನೇತಾಡಿತು, ಅವಳು ಒಂದು ದಿನವೂ ಮುಟ್ಟಲಿಲ್ಲ.

ಮೊದಲ ದಿನ, ಗುರುವಾರ: ಗವಿಪುರ, ಗುಟ್ಟಹಳ್ಳಿ

ಹಬ್ಬದ ಬೆಳಗು ಮನೆಯಲ್ಲೇ ಕಳೆಯಿತು. ಹುರಿದು ಸಿಪ್ಪೆ ಬಿಡಿಸಿದ ಕಡಲೆಕಾಯಿ ಬೀಜ, ಹುರಿಗಡಲೆ, ಬಿಳಿ ಎಳ್ಳು, ಸಣ್ಣಗೆ ಹೆಚ್ಚಿದ ಕೊಬ್ಬರಿ ಮತ್ತು ಬೆಲ್ಲದ ಚೂರುಗಳನ್ನು ಅತ್ತೆ ಒಂದು ವಾರ ಮುಂಚೆಯೇ ಸಿದ್ಧಮಾಡಿ, ಮಹಡಿಯ ಮೇಲೆ ಹಳೆಯ ಬಿಳಿ ಪಂಚೆಯಲ್ಲಿ ಹರವಿ ಒಣಗಿಸಿದ್ದರು. ಬೆಲ್ಲವನ್ನು ಚೆನ್ನಾಗಿ ಒಣಗಿಸದಿದ್ದರೆ ಎರಡೇ ದಿನಕ್ಕೆ ಎಳ್ಳೆಲ್ಲ ಮುದ್ದೆಗಟ್ಟುತ್ತದೆ. ಪುಟ್ಟಿ ರೇಷ್ಮೆ ಲಂಗ ಉಟ್ಟು, ಸಕ್ಕರೆ ಅಚ್ಚು ಮತ್ತು ಕಬ್ಬಿನ ತುಂಡು ಇಟ್ಟ ತಟ್ಟೆ ಹಿಡಿದು ಬೀದಿಯ ಹನ್ನೊಂದು ಮನೆಗಳಿಗೆ ಎಳ್ಳು ಬೀರಿ ಬಂದಳು. ಗುಂಡನಿಗೆ ಐದು ತುಂಬಿಲ್ಲವಾದ್ದರಿಂದ ಈ ವರ್ಷವೂ ಎಲಚಿ ಹಣ್ಣು ಎರೆದೆವು. ಮಣೆಯ ಮೇಲೆ ಕೂರಿಸಿ, ಎಲಚಿ, ಕಬ್ಬಿನ ಚೂರು ಮತ್ತು ಚಿಲ್ಲರೆ ಕಾಸನ್ನು ಪಾವಿನಲ್ಲಿ ತುಂಬಿ ತಲೆಯ ಮೇಲಿಂದ ಸುರಿದಾಗ ಅವನು ಕಣ್ಣು ಮುಚ್ಚಿ, ಬಾಯಿ ಮಾತ್ರ ಅಗಲವಾಗಿ ತೆರೆದು ಕುಳಿತಿದ್ದ. ಒಂದಾದರೂ ಎಲಚಿ ನೇರವಾಗಿ ಬಾಯಿಗೆ ಬೀಳಲಿ ಎಂಬುದು ಅವನ ಲೆಕ್ಕ.

ಸಂಜೆ ಗವಿ ಗಂಗಾಧರೇಶ್ವರನ ಗುಡಿಗೆ ನಡೆದೇ ಹೋದೆವು. ಒಂದೇ ಬಂಡೆಯ ಗವಿಯೊಳಗಿನ ಈ ಗುಡಿಯನ್ನು 16ನೆಯ ಶತಮಾನದಲ್ಲಿ ಕೆಂಪೇಗೌಡರು ಜೀರ್ಣೋದ್ಧಾರ ಮಾಡಿಸಿದರೆಂದು ಹೇಳುತ್ತಾರೆ. ಸಂಕ್ರಾಂತಿಯ ಸಂಜೆ ಮುಳುಗುವ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಒಳಗಿನ ಲಿಂಗವನ್ನು ಮುಟ್ಟುತ್ತದೆ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಒಳಗೆ ಹೋಗುವ ಯೋಚನೆಯನ್ನು ಆ ದಿನ ಮಾಡಬಾರದು, ಗವಿಯ ಚಾವಣಿ ತಗ್ಗು, ಜನ ಅಪಾರ. ನಾವು ಅಂಗಳದ ಹೊರಗೆ, ಒಳಗಿನ ದೃಶ್ಯ ತೋರಿಸುವ ಪರದೆಯ ಮುಂದೆ ನಿಂತೆವು. ಐದೂಕಾಲರ ಸುಮಾರಿಗೆ ಬೆಳಕಿನ ಒಂದು ಸಣ್ಣ ಪಟ್ಟಿ ಮೆಲ್ಲಗೆ ಸರಿದು ಲಿಂಗದ ಮೇಲೆ ಬಂದಾಗ ಅಷ್ಟು ಜನರ ಮಾತು ಒಮ್ಮೆಲೇ ನಿಂತುಹೋಯಿತು. ಆ ಮೌನದಲ್ಲಿ ಪುಟ್ಟಿ ಕೇಳಿದಳು, ‘ಅಪ್ಪ, ಇವತ್ತೇ ಹಬ್ಬ ಅಂತ ಸೂರ್ಯನಿಗೆ ಹೇಗೆ ಗೊತ್ತು?’

ಇವರು ಅಲ್ಲೇ ಕೈಯಲ್ಲಿದ್ದ ಕಬ್ಬಿನ ತುಂಡನ್ನು ನೆಲಕ್ಕೆ ನಿಲ್ಲಿಸಿ ನೆರಳು ತೋರಿಸುತ್ತ ಹೇಳಿದರು. ಸೂರ್ಯ ದಿನವೂ ಒಂದೇ ಜಾಗದಲ್ಲಿ ಮುಳುಗುವುದಿಲ್ಲ. ಚಳಿಗಾಲದಲ್ಲಿ ದಕ್ಷಿಣದ ಕಡೆಗೆ ಸರಿಯುತ್ತ ಹೋಗಿ ಡಿಸೆಂಬರಿನಲ್ಲಿ ತಿರುಗಿ ಬರುತ್ತಾನೆ, ಈ ಗುಡಿಯ ಕಿಟಕಿಗೆ ನೇರವಾಗುವ ಜಾಗವನ್ನು ಹೋಗುವಾಗ ನವೆಂಬರ್ ಕೊನೆಯಲ್ಲಿ ಒಮ್ಮೆ, ಮರಳುವಾಗ ಸಂಕ್ರಾಂತಿಯ ಹೊತ್ತಿಗೆ ಇನ್ನೊಮ್ಮೆ ದಾಟುತ್ತಾನೆ. ಪುಟ್ಟಿ ಬಹಳ ಹೊತ್ತು ಯೋಚಿಸಿ, ‘ಹಾಗಾದ್ರೆ ಅವನು ವಾಪಸ್ ಬರ್ತಾ ಇದಾನೆ’ ಎಂದಳು. ಉತ್ತರಾಯಣ ಎಂಬ ಮಾತನ್ನು ಅವಳಿಗೆ ಅದಕ್ಕಿಂತ ಸರಿಯಾಗಿ ನಾನು ಹೇಳಿಕೊಡಲಾರೆ.

ಮನೆಯ ಕಡೆ ತಿರುಗುವಾಗ ಗುಟ್ಟಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ಹುಲ್ಲು ಹರಡುವುದು ಕಾಣಿಸಿತು. ನಾಲ್ಕು ಹಸು ಕಟ್ಟಿಕೊಂಡು ಹಾಲು ಮಾರುವ ಮನೆ. ಹಸುಗಳ ಕೊಂಬಿಗೆ ಬಣ್ಣ, ಕೊರಳಿಗೆ ಬಲೂನು, ಚೆಂಡುಹೂವಿನ ಹಾರ, ಮೈಗೆಲ್ಲ ಅರಿಸಿನ. ಕಿಚ್ಚು ಹಾಯಿಸುವುದನ್ನು ನಮ್ಮ ಮಕ್ಕಳು ನೋಡಿರಲಿಲ್ಲ, ನಿಂತೆವು. ಮೂರು ಹಸುಗಳು ಬೆಂಕಿ ಏಳುವ ಮುನ್ನವೇ ಅನುಭವಸ್ಥರಂತೆ ದಾಟಿಬಿಟ್ಟವು. ಕೊನೆಗೆ ಉಳಿದದ್ದು ಒಂದು ಕಡಸು. ಅದು ಓಡಿ ಬಂದು ಹುಲ್ಲಿನ ಹತ್ತಿರ ಕಾಲೂರಿ ನಿಂತಿತು. ಎರಡನೆಯ ಸಲವೂ ಹಾಗೆಯೇ. ಸುತ್ತ ನಿಂತ ಹುಡುಗರು ಕೂಗಿದರು, ಒಬ್ಬ ಬಾಲ ತಿರುಚಲು ಹೋದ. ಮನೆಯ ಯಜಮಾನರು ಅವನನ್ನು ತಡೆದು, ಹಗ್ಗ ಹಿಡಿದು ಕಡಸನ್ನು ಹಿಂದಕ್ಕೆ ಕರೆದುಕೊಂಡು ಹೊರಟರು. ‘ಬಲವಂತ ಮಾಡಬಾರದು. ಒಂದು ಸುತ್ತು ನಡೆಸ್ಕೊಂಡು ಬಂದ್ರೆ ತಾನೇ ಹಾರ್ತದೆ’ ಎಂದು ಯಾರಿಗೂ ಅಲ್ಲದಂತೆ ಹೇಳಿದರು. ರಸ್ತೆಯ ತುದಿಯವರೆಗೂ ಅದರ ಕುತ್ತಿಗೆ ಸವರುತ್ತ ನಡೆದುಹೋಗಿ, ಹಾಗೆಯೇ ನಡೆಯುತ್ತ ಮರಳಿದರು. ಹುಲ್ಲು ಮತ್ತೆ ಹೊತ್ತಿಕೊಂಡಿತು, ಕಡಸು ನಾಲ್ಕು ಹೆಜ್ಜೆ ಓಡಿ ಬೆಂಕಿಯ ಮೇಲಿಂದ ಹಾರಿ ಆಚೆ ಇಳಿಯಿತು. ಮೈಮೇಲಿನ ಉಣ್ಣೆ ಹುಳ ಉದುರಲಿ ಎಂದೇ ಹಿಂದಿನವರು ಇದನ್ನು ಮಾಡಿದ್ದಿರಬೇಕು ಎಂದು ಅವರು ಆಮೇಲೆ ಅತ್ತೆಗೆ ವಿವರಿಸುತ್ತಿದ್ದರೆ, ಪುಟ್ಟಿ ಕಡಸಿನ ಮೂಗಿನ ಹತ್ತಿರ ಕೈ ಚಾಚಿ ನಿಂತಿದ್ದಳು. ಮಾತಾಡಲಿಲ್ಲ.

ಎರಡನೆಯ ದಿನ, ಶುಕ್ರವಾರ: ನಂದಿ

ನಂದಿಬೆಟ್ಟಕ್ಕೆ ವಾರಾಂತ್ಯದಲ್ಲಿ ಹೋದರೆ ಬೆಟ್ಟಕ್ಕಿಂತ ವಾಹನಗಳನ್ನೇ ಹೆಚ್ಚು ನೋಡಬೇಕಾಗುತ್ತದೆ. ಶುಕ್ರವಾರವನ್ನು ಅದಕ್ಕಾಗಿಯೇ ಇಟ್ಟುಕೊಂಡಿದ್ದೆವು. ಬೆಳಗ್ಗೆ ಆರಕ್ಕೆ ಮಕ್ಕಳನ್ನು ರಗ್ಗು ಸಮೇತ ಎತ್ತಿ ಕಾರಿನಲ್ಲಿ ಮಲಗಿಸಿದೆವು. ಹೆಬ್ಬಾಳ ದಾಟುವಾಗ ಇನ್ನೂ ಬೀದಿದೀಪ ಉರಿಯುತ್ತಿತ್ತು. ದೇವನಹಳ್ಳಿ ಕಳೆದು ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದ ಮೇಲೆ ಮಂಜು ರಸ್ತೆಗೇ ಇಳಿದಿತ್ತು. ದ್ರಾಕ್ಷಿ ಚಪ್ಪರಗಳ ಕಲ್ಲುಕಂಬಗಳು ಒಂದೊಂದಾಗಿ ಮೂಡಿ ಮರೆಯಾಗುತ್ತಿದ್ದವು, ಹಾಲಿನ ಕ್ಯಾನು ಕಟ್ಟಿದ ಬೈಕುಗಳ ದೀಪ ಹಳದಿ ಚುಕ್ಕೆಯಂತೆ ಬಂದು ಪಕ್ಕದಲ್ಲಿ ಹಾದುಹೋಗುತ್ತಿತ್ತು. ಅತ್ತೆ ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿ, ‘ಸೊಗಡು ವಾಸನೆ ಬರ್ತಿದೆ ನೋಡು, ಎಲ್ಲೋ ಹತ್ತಿರ ಅವರೆ ಹೊಲ ಇದೆ’ ಎಂದರು. ನನಗೆ ಮಣ್ಣಿನ ತಂಪು ಬಿಟ್ಟು ಬೇರೆ ವಾಸನೆ ಸಿಗಲಿಲ್ಲ. ಒಂದು ಫರ್ಲಾಂಗ್ ಮುಂದೆ ಅವರೆ ಹೊಲ ಬಂತು.

ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಎಚ್ಚರವಾದ ಗುಂಡ ಹಸಿವೆಂದ, ನಾನು ಫ್ಲಾಸ್ಕಿನ ಹಾಲು ಕುಡಿಸಿದೆ. ಬೆಟ್ಟದ ರಸ್ತೆಯಲ್ಲಿ ತಿರುವುಗಳು ಒಂದರ ಹಿಂದೆ ಒಂದು ಬರುತ್ತವೆ. ಹತ್ತೋ ಹನ್ನೆರಡೋ ತಿರುವು ಕಳೆಯುವುದರೊಳಗೆ ಮಗು ಬಿಳಿಚಿಕೊಂಡಿತು, ಅಷ್ಟೂ ಹಾಲು ಅತ್ತೆಯ ಶಾಲಿನ ಮೇಲೆ ಬಂತು. ರಸ್ತೆ ಅಗಲವಿದ್ದ ಕಡೆ ನಿಲ್ಲಿಸಿ, ಮುಖ ತೊಳೆದು, ನಿಂಬೆಹಣ್ಣನ್ನು ಉಗುರಿನಿಂದ ಕೆರೆದು ಮೂಸಿಸಿದ ಮೇಲೆ ಅವನ ಕೆನ್ನೆಗೆ ಬಣ್ಣ ಮರಳಿತು. ಘಾಟಿ ಹತ್ತುವ ಮುನ್ನ ಮಕ್ಕಳಿಗೆ ಹಾಲು ಕೊಡಬಾರದು, ಒಣ ಬ್ರೆಡ್ಡೋ ಖಾರದ ಮಂಡಕ್ಕಿಯೋ ಸಾಕು. ಗೊತ್ತಿದ್ದೂ ಹಸಿವೆಂದನಲ್ಲ ಎಂದು ಕೊಟ್ಟದ್ದು ತಪ್ಪಾಯಿತು. ಅತ್ತೆ ಶಾಲನ್ನು ಬಾಟಲಿ ನೀರಿನಲ್ಲಿ ಹಿಂಡಿ ಕಾರಿನ ಹಿಂದಿನ ಗಾಜಿಗೆ ಹರವುತ್ತ, ‘ಮಗು ಅಲ್ವಾ, ಬಿಡು’ ಎಂದರು.

ಮೇಲೆ ಎಂಟು ಗಂಟೆಗೆ ಏನೂ ಕಾಣುತ್ತಿರಲಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೆ ನಂದಿಯ ನೆತ್ತಿ 1,478 ಮೀಟರ್. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುವ ಲೆಕ್ಕದಲ್ಲಿ ಊರಿಗಿಂತ ಮೂರೂವರೆ ಡಿಗ್ರಿಯಷ್ಟೇ ಹೆಚ್ಚು ಚಳಿ ಇರಬೇಕು. ಆದರೆ ಮಂಜು ಮುಖಕ್ಕೆ ಒದ್ದೆ ಬಟ್ಟೆಯಂತೆ ತಾಕುತ್ತಿದ್ದಾಗ ಅದು ಇನ್ನೂ ಹೆಚ್ಚೆನಿಸಿತು. ಮಕ್ಕಳಿಗೆ ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಅಂಗಿ, ಕಿವಿ ಮುಚ್ಚುವ ಟೋಪಿ ಮತ್ತು ಬದಲಿಗೆ ಒಂದು ಜೊತೆ ಕಾಲುಚೀಲ ಇದ್ದರೆ ಒಳ್ಳೆಯದು, ಹುಲ್ಲಿನ ಇಬ್ಬನಿಗೆ ಕಾಲುಚೀಲವೇ ಮೊದಲು ನೆನೆಯುವುದು. ಟಿಪ್ಪು ಡ್ರಾಪ್‌ನ ಕಟಕಟೆಯ ಆಚೆ ಬರಿಯ ಬಿಳುಪು. ಇದೇನು ನೋಡಲು ಬಂದೆವು ಎಂಬಂತೆ ಪುಟ್ಟಿ ನನ್ನ ಮುಖ ನೋಡಿದಳು. ಬೇಯಿಸಿದ ಕಡಲೆಕಾಯಿಯ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಒಬ್ಬ ಹಿರಿಯ ಹೆಂಗಸು ಅದನ್ನು ಗಮನಿಸಿ, ‘ಅವಸರ ಮಾಡಬ್ಯಾಡ ಕೂಸೆ. ಬಿಸಿಲು ಬಂಡೆಗೆ ಬಿದ್ದ ಮ್ಯಾಲೆ ಅದೇ ಎದ್ದು ಹೋಗ್ತದೆ. ಒಂಬತ್ತೂವರೆ ಆಗ್ಲಿ’ ಎಂದರು. ಕೆಳಗಿನ ಹಳ್ಳಿಯವರು, ಮೂವತ್ತು ವರ್ಷದಿಂದ ಇಲ್ಲಿ ಮಾರುತ್ತಿದ್ದಾರೆ. ಮೊದಲೆಲ್ಲ ಮೆಟ್ಟಿಲ ದಾರಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತುತ್ತಿದ್ದರಂತೆ, ಈಗ ಮೊಣಕಾಲು ಕೇಳದೆ ಮಗನ ಬೈಕಿನಲ್ಲಿ ಬರುತ್ತಾರೆ. ಅತ್ತೆಯೂ ಅವರೂ ಮೊಣಕಾಲಿನ ಮಾತಿಗೆ ತೊಡಗಿ ಅರ್ಧ ಗಂಟೆ ಕಳೆದರು. ಬಿಸಿ ಕಡಲೆಕಾಯಿಯ ಪೊಟ್ಟಣವನ್ನು ಮಕ್ಕಳು ತಿನ್ನುವುದಕ್ಕಿಂತ ಹೆಚ್ಚಾಗಿ ಕೆನ್ನೆಗೆ ಒತ್ತಿಕೊಂಡರು.

ಆ ಹೊತ್ತಿನಲ್ಲೇ ನಾನು ಎಳ್ಳಿನ ಡಬ್ಬಿ ತೆರೆದೆ. ಒಂದು ಕ್ಷಣ ಪಕ್ಕದ ಕಲ್ಲಿನ ಮೇಲಿಟ್ಟು ಗುಂಡನ ಟೋಪಿಯ ದಾರ ಕಟ್ಟುತ್ತಿದ್ದಾಗ ಮಂಜಿನೊಳಗಿಂದ ಒಂದು ಕೈ ಬಂತು. ಕೋತಿ ಡಬ್ಬಿಯನ್ನು ಎದೆಗವಚಿಕೊಂಡು ಮರವೇರಿ, ಮುಚ್ಚಳ ತೆಗೆದು, ಕೊಬ್ಬರಿಯನ್ನು ಮಾತ್ರ ಆರಿಸಿ ತಿನ್ನತೊಡಗಿತು. ಎಳ್ಳು ಮಳೆಯಂತೆ ಕೆಳಗೆ ಸುರಿಯಿತು. ಗುಂಡ ಅಳಲು ಬಾಯಿ ತೆರೆದವನು, ‘ಅದಕ್ಕೂ ಎಳ್ಳು ಬೀರಿದ್ವಲ್ಲ, ಇನ್ನು ಒಳ್ಳೆ ಮಾತಾಡುತ್ತೆ’ ಎಂದು ಅಜ್ಜಿ ಹೇಳಿದ್ದಕ್ಕೆ ಬಾಯಿ ಮುಚ್ಚಿಕೊಂಡು ಮೇಲೆ ನೋಡುತ್ತ ನಿಂತ. ನಂದಿಯಲ್ಲಿ ತಿಂಡಿಯನ್ನು ಚೀಲದಿಂದ ಹೊರಗೆ ತೆಗೆಯದಿರುವುದೇ ಕ್ಷೇಮ, ಹೊಳೆಯುವ ಡಬ್ಬಿಯನ್ನಂತೂ ತೋರಿಸಲೇಬಾರದು.

ಒಂಬತ್ತೂವರೆ ಎಂದರೆ ಒಂಬತ್ತೂವರೆಗೇ ಮಂಜು ಹರಿಯಿತು. ಮೇಲಿನಿಂದ ಕರಗಲಿಲ್ಲ, ಕಣಿವೆಯ ಕೆಳಗಿನಿಂದ ಪರದೆ ಎತ್ತಿದ ಹಾಗೆ ಎದ್ದು ಹೋಯಿತು. ಮೊದಲು ಒಂದು ಕೆರೆ, ಆಮೇಲೆ ಹೊಲಗಳ ಚೌಕ, ದೂರದಲ್ಲಿ ಸ್ಕಂದಗಿರಿಯ ಬೆನ್ನು. ಪುಟ್ಟಿ ಕಟಕಟೆ ಹಿಡಿದು, ‘ಇದೆಲ್ಲ ಇಷ್ಟೊತ್ತೂ ಇಲ್ಲೇ ಇತ್ತಾ?’ ಎಂದಳು. ಅಮೃತ ಸರೋವರದ ಮೆಟ್ಟಿಲುಗಳ ಬಳಿ ಒಂದಷ್ಟು ಹೊತ್ತು ಕುಳಿತು, ಯೋಗನಂದೀಶ್ವರನಿಗೆ ಕೈಮುಗಿದು ಇಳಿದೆವು. ಇಳಿಯುವ ದಾರಿಯಲ್ಲಿ ಇವರು 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಈ ಬೆಟ್ಟದ ಮೇಲೆ ಬಂದು ತಂಗಿದ್ದನ್ನು ಮಕ್ಕಳಿಗೆ ಹೇಳಿದರು. ಗಾಂಧಿ ತಾತನಿಗೂ ತಿರುವಿನಲ್ಲಿ ವಾಂತಿ ಬಂದಿತ್ತೇ ಎಂದು ಗುಂಡ ವಿಚಾರಿಸಿದ.

ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯವನ್ನು ನೋಡದೆ ಮರಳುವವರೇ ಹೆಚ್ಚು. ಮಕ್ಕಳಿರುವವರಿಗೆ ನಾನು ಬೆಟ್ಟಕ್ಕಿಂತ ಇದನ್ನೇ ಮೊದಲು ಹೇಳುತ್ತೇನೆ. 9ನೆಯ ಶತಮಾನದಷ್ಟು ಹಳೆಯದಾದ ಈ ಗುಡಿ ನೊಳಂಬರಿಂದ ವಿಜಯನಗರದವರೆಗೆ ಒಬ್ಬರಾದ ಮೇಲೊಬ್ಬರ ಕೈಯಲ್ಲಿ ಬೆಳೆದದ್ದು. ಪ್ರಾಕಾರ ವಿಶಾಲ, ಮಕ್ಕಳು ಮನಸಾರೆ ಓಡಬಹುದು. ಮಧ್ಯಾಹ್ನ ಚಪ್ಪಡಿ ಕಲ್ಲು ಕಾಯುತ್ತದೆ, ಬರಿಗಾಲಿಗೆ ನೆರಳಿನ ಅಂಚು ಹಿಡಿದೇ ನಡೆಯಬೇಕು, ಅಥವಾ ಹಳೆಯ ಕಾಲುಚೀಲ ಹಾಕಿಸಬೇಕು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ಗುಡಿಗಳು ಜೋಡಿಯಾಗಿ ನಿಂತಿವೆ, ಅವುಗಳ ನಡುವೆ ಉಮಾಮಹೇಶ್ವರನ ಪುಟ್ಟ ಗುಡಿ. ಅರುಣಾಚಲೇಶ್ವರ ಎಂದರೆ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ಎಲ್ಲ ಬಿಟ್ಟು ಕುಳಿತ ಕಾಲ ಎಂದು ಅತ್ತೆ ವಿವರಿಸಿದರು. ‘ಹಾಗಾದ್ರೆ ಬೆಳಗ್ಗೆ ನೋಡಿದ್ದು ಶಿವ ಅಜ್ಜ’ ಎಂದು ಪುಟ್ಟಿ ತೀರ್ಮಾನಿಸಿದಳು. ಗುಂಡ ಮಾತ್ರ ಚಿಕ್ಕ ಶಿವನ ಗುಡಿಯ ಹೊಸ್ತಿಲು ಬಿಟ್ಟು ಏಳಲಿಲ್ಲ, ಇವನು ತನ್ನಷ್ಟೇ ದೊಡ್ಡವನು ಎಂದು ಕೈ ಎತ್ತಿ ಅಳತೆ ತೋರಿಸುತ್ತಿದ್ದ. ಪುಟ್ಟಿ ಶೃಂಗಿ ತೀರ್ಥದ ಸುತ್ತಣ ಕಂಬಸಾಲಿನಲ್ಲಿ ಅಪ್ಪನೊಡನೆ ಮೂರು ಸುತ್ತು ಓಡಿದಳು. ಪ್ರತಿ ಸುತ್ತಿನಲ್ಲೂ ಮೊದಲು ಜೋರು, ಕೊನೆಗೆ ಏದುಸಿರು. ನಿಧಾನವಾಗಿ ಶುರುಮಾಡು ಎಂದು ಇವರು ಹೇಳಿದ್ದು ಕಂಬಗಳಿಗೆ ಕೇಳಿಸಿತೇ ಹೊರತು ಅವಳಿಗಲ್ಲ.

ಊಟ ರಸ್ತೆಬದಿಯಲ್ಲಿ, ರಾಗಿಮುದ್ದೆ ಮತ್ತು ಸೊಪ್ಪಿನ ಬಸ್ಸಾರು. ಬೆಳಗ್ಗೆ ಹಾಲು ಕಕ್ಕಿದ ಮಗು ಅರ್ಧ ಮುದ್ದೆ ನುಂಗಿ ಕಾರಿನಲ್ಲಿ ಮಲಗಿತು.

ಮೂರನೆಯ ದಿನ, ಶನಿವಾರ: ಲಾಲ್‌ಬಾಗಿನ ಬಂಡೆ, ಅವರೆಯ ಬೀದಿ

ಓಟದ ಹಿಂದಿನ ದಿನ ಮಕ್ಕಳನ್ನು ದಣಿಸಬಾರದೆಂದು ಈ ದಿನವನ್ನು ಹಗುರವಾಗಿಟ್ಟೆವು. ಬೆಳಗ್ಗೆ ಏಳಕ್ಕೆ ಲಾಲ್‌ಬಾಗ್. ಜನವರಿಯ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಹತ್ತರ ನಂತರ 1889ರ ಆ ಗಾಜಿನ ಮನೆಯ ಸುತ್ತ ಮಕ್ಕಳ ಕಣ್ಣಿಗೆ ದೊಡ್ಡವರ ಬೆನ್ನುಗಳೇ ಕಾಣುವುದು. ನಮಗೆ ಬೇಕಾಗಿದ್ದದ್ದು ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಗುರುತಿಸಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಹಾಕಿರುವ ಆ ಬಂಡೆ ಬೆಳಗಿನ ಹೊತ್ತು ಅಂಗೈಗೆ ತಣ್ಣಗಿರುತ್ತದೆ. ಗುಂಡ ಅದರ ಮೇಲೆ ಹೊಟ್ಟೆಯೂರಿ ಮಲಗಿ ಕಿವಿಯಿಟ್ಟು ಕೇಳಿದ. ಏನು ಕೇಳಿಸಿತು ಎಂದರೆ ‘ಮೆಟ್ರೊ’ ಎಂದ. ಕೆಂಪೇಗೌಡ ಗೋಪುರದವರೆಗೂ ಅಪ್ಪ ಮಗಳು ನಡೆದು ಹತ್ತಿ, ನಡೆದೇ ಇಳಿದರು. ಹೊಸ ಶೂ ಕೊಡಿಸೆಂದು ಅವಳು ಹಿಡಿದಿದ್ದ ಹಟಕ್ಕೆ ನಾವು ಒಪ್ಪಿರಲಿಲ್ಲ. ಓಟದ ದಿನ ಹೊಸ ಶೂ ಹಾಕಿದರೆ ಹಿಮ್ಮಡಿಯಲ್ಲಿ ಗುಳ್ಳೆ ಏಳುವುದು ಖಂಡಿತ. ಶಾಲೆಗೆ ಹಾಕಿ ಪಳಗಿದ ಕ್ಯಾನ್ವಾಸ್ ಶೂವನ್ನೇ ತೊಳೆದು ಒಣಗಿಸಿದ್ದೆ.

ಸಂಜೆ ವಿಶ್ವೇಶ್ವರಪುರದ ಕಡೆ ಹೋದೆವು. ಸಜ್ಜನ್ ರಾವ್ ವೃತ್ತದ ಬಳಿಯ ತಿಂಡಿ ಬೀದಿಯಲ್ಲಿ ಈ ತಿಂಗಳು ದೋಸೆಗೂ ಅವರೆ, ಉಪ್ಪಿಟ್ಟಿಗೂ ಅವರೆ, ಹೋಳಿಗೆಗೂ ಅವರೆ. ಮಕ್ಕಳಿಗೆ ಒಂದೊಂದು ದೋಸೆ ಕೊಡಿಸಿ, ನಾವು ಕಾಯಿ ಕೊಳ್ಳಲು ಮೂಟೆ ಸುರಿದುಕೊಂಡು ಕುಳಿತಿದ್ದವರ ಹತ್ತಿರ ಬಂದೆವು. ಮಾಗಡಿ ಕಡೆಯಿಂದ ಬೆಳಗ್ಗೆಯೇ ಕಿತ್ತು ತಂದದ್ದು ಎಂದರು ಮಾರುವವರು. ಅತ್ತೆ ಒಂದು ಹಿಡಿ ಕಾಯಿಯನ್ನು ಕೈಯಲ್ಲಿ ಉಜ್ಜಿ, ಆ ಅಂಗೈಯನ್ನು ಪುಟ್ಟಿಯ ಮೂಗಿಗೆ ಹಿಡಿದರು. ‘ಇದು ಸೊಗಡು. ಕೈಗೆ ಎಣ್ಣೆ ಥರ ಅಂಟಬೇಕು, ತೊಳೆದ್ರೂ ಹೋಗಬಾರದು. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಹೀಗಿರುತ್ತೆ.’ ಮಾರುವವರು ಹೌದಮ್ಮ ಎಂದು ತಲೆದೂಗಿ, ಮೋಡ ಕವಿದರೆ ಕಾಯಿಗೆ ಹುಳ ಬೀಳುತ್ತದೆ, ಸೊಗಡೂ ಹೋಗುತ್ತದೆ, ಈ ಸಲ ದೇವರ ದಯೆ ಎಂದರು. ಪುಟ್ಟಿ ತಾನೂ ಉಜ್ಜಿ ಮೂಸಿ ನೋಡಿ, ‘ನಿನ್ನೆ ಕಾರಿನಲ್ಲಿ ಬಂದಿತ್ತಲ್ಲ, ಅದೇ’ ಎಂದಳು. ನನಗೆ ಸಿಗದ ವಾಸನೆ ಅವಳಿಗೆ ಸಿಕ್ಕಿತ್ತು ಎಂಬುದು ಆಗಲೇ ನನಗೆ ತಿಳಿದದ್ದು.

ನಾಲ್ಕು ಕಿಲೋ ಕೊಂಡೆವು. ರಾತ್ರಿ ಎಲ್ಲರೂ ಕೂತು ಸುಲಿದು, ಕಾಳನ್ನು ನೀರಿಗೆ ಹಾಕಿಟ್ಟೆವು. ಇನ್ನೊಂದು ಮೂಲೆಯಲ್ಲಿ ಮರುದಿನದ ಅಂಗಿಗಳಿಗೆ ಓಟದ ಸಂಖ್ಯೆಯ ಹಾಳೆ ಚುಚ್ಚುವ ಕೆಲಸ. ಆಯೋಜಕರು ಐವರಿಗೂ ದೊಡ್ಡವರ ಅಳತೆಯ ಟೀ ಶರ್ಟುಗಳನ್ನೇ ಕೊಟ್ಟಿದ್ದರು, ಗುಂಡನದು ಹಿಮ್ಮಡಿಯವರೆಗೆ ಬರುತ್ತಿತ್ತು. ಮಕ್ಕಳ ಓಟವೆಂದು ಕರೆದ ಮೇಲೆ ಮಕ್ಕಳ ಅಳತೆ ತರಿಸದಿರುವುದು ಸರಿಯಲ್ಲ. ಅವನ ದಿನನಿತ್ಯದ ಹತ್ತಿ ಬನಿಯನ್ನಿಗೇ ನಾಲ್ಕು ಮೂಲೆಗೆ ಪಿನ್ನು ಹಾಕಿ ಸಂಖ್ಯೆ ಚುಚ್ಚಿದೆ. ಇಬ್ಬರ ಮುಂಗೈಗೂ ನಮ್ಮ ಫೋನ್ ಸಂಖ್ಯೆಯನ್ನು ಪೆನ್ನಿನಲ್ಲಿ ಬರೆದೆ.

ನಾಲ್ಕನೆಯ ದಿನ, ಭಾನುವಾರ: ಕಬ್ಬನ್ ಉದ್ಯಾನ

ಭಾನುವಾರ ಮೆಟ್ರೊ ತಡವಾಗಿ ಶುರುವಾಗುವುದರಿಂದ ಹೋಗುವಾಗ ಆಟೊ ಹಿಡಿಯಬೇಕಾಯಿತು. ಐದೂವರೆಗೆ ಎಬ್ಬಿಸಿ ಅರ್ಧ ಬಾಳೆಹಣ್ಣು, ಎರಡು ಗುಟುಕು ನೀರು ಅಷ್ಟೇ ಕೊಟ್ಟೆ. ಹಾಲು ಕೇಳಿದ ಗುಂಡನಿಗೆ ಅವನ ಅಕ್ಕನೇ ನಂದಿಯ ತಿರುವುಗಳನ್ನು ನೆನಪಿಸಿದಳು. ಭಾನುವಾರ ಉದ್ಯಾನದೊಳಗೆ ವಾಹನ ಬಿಡುವುದಿಲ್ಲ. 1870ರಲ್ಲಿ ಹಾಕಿದ ಈ ತೋಟದ ರಸ್ತೆಗಳು ಆ ಒಂದು ದಿನ ನಡೆಯುವವರ, ಓಡುವವರ, ನಾಯಿಗಳ ಮತ್ತು ಮಕ್ಕಳ ಪಾಲು. ಬ್ಯಾಂಡ್ ಸ್ಟ್ಯಾಂಡಿನ ಹತ್ತಿರ ಆರೂಮುಕ್ಕಾಲಿಗೆ ಸೇರಿದಾಗ ಉಸಿರು ಹೊಗೆಯಾಗಿ ಕಾಣುವಷ್ಟು ಚಳಿ ಇರಲಿಲ್ಲ, ಆದರೆ ಎಲ್ಲರೂ ಕೈ ಉಜ್ಜಿಕೊಳ್ಳುತ್ತಿದ್ದರು. ನಮ್ಮ ಊರಿನ ದೊಡ್ಡ ಓಟವಾದ ವರ್ಲ್ಡ್ 10ಕೆ 2008ರಿಂದ ಹೆಚ್ಚಾಗಿ ಬೇಸಿಗೆಯಲ್ಲೇ ನಡೆಯುತ್ತ ಬಂದಿದೆ. ಅದರ ಮಜ್ಜಾ ರನ್‌ನಲ್ಲೂ ಮಕ್ಕಳು ಸಂತೋಷವಾಗಿಯೇ ಓಡುತ್ತಾರೆ. ಆದರೆ ಎಳೆಯ ಮಕ್ಕಳ ಮೊದಮೊದಲ ಓಟಕ್ಕೆ ಜನವರಿಯ ಬೆಳಗನ್ನೇ ನಾನು ಆರಿಸುವೆ. ಬಾಯಾರಿಕೆ ಕಡಿಮೆ, ಮುಖ ಕೆಂಪಾಗುವುದಿಲ್ಲ, ಅರ್ಧ ಗಂಟೆ ಹೊರಗಿದ್ದರೂ ಮಕ್ಕಳು ಬಾಡುವುದಿಲ್ಲ.

ನಾವು ಎರಡು ಗುಂಪಾದೆವು. ದಿನವೂ ಕಹಳೆ ಬಂಡೆ ಉದ್ಯಾನದಲ್ಲಿ ನಾಲ್ಕು ಸುತ್ತು ನಡೆಯುವ ಅತ್ತೆ, ಸೀರೆಯ ನೆರಿಗೆಯನ್ನು ಸ್ವಲ್ಪ ಮೇಲೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು ಗುಂಡನ ಕೈ ಹಿಡಿದರು, ಇವರು ಅವರಿಬ್ಬರ ಜೊತೆ. ನಾನು ಪುಟ್ಟಿಯ ಜೊತೆ. ಪೀಪಿ ಊದಿದ್ದೇ ತಡ, ಪುಟ್ಟಿ ನನ್ನ ಕೈ ಕೊಸರಿಕೊಂಡು ಬಾಣದಂತೆ ಹೊರಟಳು. ನಿಧಾನ, ನಿಧಾನ ಎಂದು ಕೂಗುತ್ತ ಹಿಂದೆ ಓಡಿದೆ. ಬಿದಿರು ಮೆಳೆಯ ಹತ್ತಿರ ಬರುವ ಹೊತ್ತಿಗೆ ಅವಳು ಬಲಪಕ್ಕೆ ಒತ್ತಿಹಿಡಿದು, ಸೊಂಟ ಬಾಗಿಸಿ ನಿಂತಿದ್ದಳು. ಆಮೇಲೆ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತಳು. 600 ಮೀಟರ್ ಕೂಡ ಆಗಿರಲಿಲ್ಲ. ಕಳೆದ ವರ್ಷದ ಮುಖವೇ ಮರಳಿ ಬಂದಿತ್ತು, ಕೆಳತುಟಿ ನಡುಗುತ್ತಿತ್ತು. ಪಕ್ಕದಲ್ಲಿ ನೂರಾರು ಕಾಲುಗಳು ಹಾದುಹೋಗುತ್ತಿದ್ದವು.

ಅವಳನ್ನು ಎತ್ತಿಕೊಳ್ಳಲು ನನ್ನ ಕೈ ಮುಂದಾಗಿತ್ತು. ಎತ್ತಿಕೊಂಡರೆ ಇನ್ನೊಂದು ಪದಕ ಮೊಳೆಗೆ ಹೋಗುತ್ತದೆ ಎಂದು ನೆನಪಾಗಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ಮೂಗಿನಿಂದ ಎಳೆದು ಬಾಯಿಂದ ಮೆಲ್ಲಗೆ ಬಿಡು ಎಂದೆ, ಹತ್ತು ಸಲ ಜೊತೆಗೇ ಮಾಡಿದೆವು. ಆಗಲೇ ಅತ್ತೆ ಮತ್ತು ಗುಂಡ ಬಂದರು. ಅತ್ತೆ ನಿಲ್ಲಲಿಲ್ಲ. ನಿಲ್ಲಬೇಡಿ ಎಂದು ನಾನು ಕಣ್ಣಿನಲ್ಲೇ ಹೇಳಿದ್ದು ಅವರಿಗೆ ತಿಳಿಯಿತೋ ಅಥವಾ ಅವರಿಗೇ ಹಾಗನಿಸಿತೋ. ಗುಂಡ ಮಾತ್ರ ಕತ್ತು ಹೊರಳಿಸಿ, ‘ಅಜ್ಜೀ, ಅಕ್ಕ ಕೂತಿದಾಳೆ’ ಎಂದು ಸಾರುತ್ತ ಹೋದ. ಪುಟ್ಟಿ ಕಣ್ಣು ಒರೆಸಿಕೊಂಡು ಎದ್ದಳು.

‘ಓಡೋದು ಬೇಡ, ಸುಮ್ನೆ ನಡ್ಕೊಂಡು ಬರೋಣ ಬಾ’ ಎಂದು ಕೈ ಹಿಡಿದೆ. ಮರಗಳ ಕೆಳಗೆ ಗುಲಾಬಿ ತಬೂಬಿಯಾದ ಹೂಗಳು ಒದ್ದೆ ರಸ್ತೆಗೆ ಅಂಟಿಕೊಂಡಿದ್ದವು, ಅವುಗಳ ಮೇಲೆ ಕಾಲಿಡದಂತೆ ಹೆಜ್ಜೆ ಹಾಕುತ್ತ ಅವಳು ಲೆಕ್ಕ ಮಾಡತೊಡಗಿದಳು. ನೂರು ಹೆಜ್ಜೆ, ಇನ್ನೂರು ಹೆಜ್ಜೆ. ಪಕ್ಕೆಯಿಂದ ಕೈ ತೆಗೆದಳು. ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ ಮರಗಳ ನಡುವೆ ಕಾಣಿಸಿಕೊಂಡ ಹೊತ್ತಿಗೆ ನನ್ನ ಮುಖ ನೋಡಿ ಕೇಳಿದಳು:

‘ಈಗ ಹಾರ್ಲಾ ಅಮ್ಮ?’

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮಾತು ಹೊರಡಲಿಲ್ಲ, ತಲೆಯಾಡಿಸಿದೆ. ಆಮೇಲೆ ಅವಳು ಓಡಿದ್ದು ನನ್ನ ಪಕ್ಕದಲ್ಲೇ, ಬಾಯಿ ಮುಚ್ಚಿಕೊಂಡು, ಕಂಬದಿಂದ ಕಂಬಕ್ಕೆ ಓಡಿ ಮುಂದಿನ ಕಂಬದವರೆಗೆ ನಡೆದು. ಕೊನೆಯ ತಿರುವಿನ ನೀರಿನ ಮೇಜಿನ ಮೇಲೆ ನೀರು ಮುಗಿದು ಖಾಲಿ ಲೋಟಗಳಷ್ಟೇ ಉಳಿದಿದ್ದವು. ಕೊನೆಯಲ್ಲಿ ಬರುವವರು ಮಕ್ಕಳು ಮತ್ತು ವಯಸ್ಸಾದವರು ಎಂಬುದನ್ನು ಆಯೋಜಕರು ನೆನಪಿಡಬೇಕು. ನನ್ನ ಸೊಂಟದ ಚೀಲದಲ್ಲಿ ಅರ್ಧ ಲೀಟರ್ ಇತ್ತು, ಹಿಂದೆ ಬರುತ್ತಿದ್ದ ಇನ್ನೊಬ್ಬ ಹುಡುಗನಿಗೂ ಅದರಲ್ಲೇ ಕೊಟ್ಟೆವು. ಗೆರೆಗೆ ಸ್ವಲ್ಪ ಮುಂಚೆ ಅಜ್ಜಿ ಮೊಮ್ಮಗನನ್ನು ಹಿಡಿದೆವು. ಗುಂಡ ದಾರಿಯಲ್ಲಿ ಸಿಕ್ಕ ಒಂದು ಉದ್ದನೆಯ ಒಣ ಕಾಯಿಯನ್ನು ಕತ್ತಿಯಂತೆ ಎತ್ತಿ ಹಿಡಿದಿದ್ದ. ಐವರೂ ಜೊತೆಯಾಗಿ ದಾಟಿದೆವು, ಗಡಿಯಾರದಲ್ಲಿ 41 ನಿಮಿಷ ತೋರಿಸುತ್ತಿತ್ತು. ಪದಕ ಹಿಡಿದವರು ಹತ್ತಿರ ಬಂದಾಗ ಪುಟ್ಟಿ ಎರಡೂ ಜಡೆಗಳನ್ನು ತಾನೇ ಹಿಂದಕ್ಕೆ ಸರಿಸಿ ಕೊರಳು ಬಾಗಿಸಿದಳು.

ಬಾಲಭವನದ ಪುಟಾಣಿ ರೈಲಿಗೆ ಇನ್ನೂ ಹೊತ್ತಿತ್ತು, ಮಕ್ಕಳೂ ಕೇಳಲಿಲ್ಲ. ಬಿಸಿ ಇಡ್ಲಿ ತಿಂದು, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದೆವು. ಗುಂಡ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿದ್ದ, ಕತ್ತಿ ಕೈಯಲ್ಲೇ ಇತ್ತು.

ಮಧ್ಯಾಹ್ನದ ಅಡುಗೆಗೆ ಅವರೆ ನೆನೆದು ಉಬ್ಬಿತ್ತು. ಅಡುಗೆಮನೆಯ ನೆಲದ ಮೇಲೆ ಪಾತ್ರೆಯ ಸುತ್ತ ಐವರೂ ಕುಳಿತೆವು. ಹಿತಕುವುದು ಹೇಗೆಂದು ಅತ್ತೆ ತೋರಿಸಿದರು. ಕಾಳಿನ ಒಂದು ತುದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿಯುತ್ತದೆ, ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ಜೋರಾಗಿ ಒತ್ತಬಾರದು, ಪಾತ್ರೆಯ ಕಡೆಗೇ ಮುಖ ಮಾಡಿರಬೇಕು. ಪುಟ್ಟಿಗೆ ಐದಾರು ಕಾಳಿನೊಳಗೆ ಕೈ ಕೂಡಿತು. ಗುಂಡ ನಾಲಿಗೆ ಹೊರಚಾಚಿ, ಎರಡೂ ಕೈಯಿಂದ ಬಲವಾಗಿ ಒತ್ತಿದ. ಬೇಳೆ ಪಾತ್ರೆಯನ್ನು ದಾಟಿ ಹಾರಿ ಅಕ್ಕನ ಪದಕಕ್ಕೆ ಬಡಿದು ಟಿಣ್ ಎಂದಿತು. ಅವಳು ಅದನ್ನು ಲಂಗದ ಮಡಿಲಿನಿಂದ ಆರಿಸಿ ಪಾತ್ರೆಗೆ ಹಾಕಿ, ‘ಇನ್ನೊಂದು ಸಲ ಹೊಡಿ ನೋಡೋಣ’ ಎಂದು ನೆಟ್ಟಗೆ ಕುಳಿತಳು.